ಸಾಹುಕಾರರ ಚಾಳದಾಗಿನ ಟಪಾಲು

ಕಂಪ್ಯೂಟರ್ ಕೆಲಸ ಮಾಡುವವರಿಗೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ತ್ರಾಸಿಲ್ಲ. ಅವೇ ಫೋನ್ ಮಾಡಿ ಕರೆಯುತ್ತವೆ. ರಬಕವಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಜಮಖಂಡಿ, ಮುಧೋಳ, ತೇರದಾಳ ಎಲ್ಲ ಕಡೆಗೂ ಸ್ಕೂಟಿ ಮೇಲೆ ಹೋಗಿ ಬರುತ್ತೇನೆ. ಕೆಟ್ಟ ಯಂತ್ರ ನನ್ನ ಕೈಯಲ್ಲಿ ದುರಸ್ತಿಯಾಗದೆ ಹಿಂದಕ್ಕೆ ಹೋದದ್ದು ಕಡಿಮೆ. ಮನುಷ್ಯರ ವಿಷಯ ಬೇರೆ. ಅದಕ್ಕೆ ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಮೇಲ್ ಸರ್ವರ್ ಕೂಡಿಸಿದ ಕಥೆಯೊಂದೇ ಸಾಕು.

ಗೇಟು ಕಿತ್ತಿದ್ದು

ಆ ಸಾಹುಕಾರರಿಗೆ ಒಂದು ಪುಕ್ಕಟೆ ಮೇಲ್ ಇತ್ತು. ಫೋನಿಗೆ ಬಂದ ‘ಶುಭೋದಯ’ದ ಹೂವಿನ ಚಿತ್ರಗಳೆಲ್ಲ ಅದರ ಜಾಗದಲ್ಲೇ ಹೋಗಿ ಕೂತು ಪೆಟ್ಟಿಗೆ ತುಂಬಿಬಿಟ್ಟಿತ್ತು. ಪುಣೆಯ ಅಂಗಡಿಯವರು ದೀಪಾವಳಿಗೆಂದು ಕಳಿಸಿದ ದೊಡ್ಡ ಆರ್ಡರ್ ಜಾಗವಿಲ್ಲದೆ ವಾಪಸ್ ಹೋಯಿತು. ಅವರು ಬೇರೆಯವರಿಗೆ ಕೊಟ್ಟರು. ಹಬ್ಬದ ಹೊತ್ತಿನಲ್ಲಿ ಸಾಹುಕಾರರ ಮಗ್ಗಗಳು ನಿಂತವು.

“ತಂಗೀ, ಆ ಪುಕ್ಕಟೆ ಪೆಟಿಗಿ ಇನ್ನ ಸಾಕು,” ಅಂದರು ಸಾಹುಕಾರರು. “ನಮ್ಮ ಹೆಸರಿಲೆ, ನಮ್ಮ ಮನ್ಯಾಗ, ನಮ್ಮದ ಮೇಲ್ ಬೇಕು. ಆಗತೈತೇನು?”

“ಯಾಕಾಗಂಗಿಲ್ರಿ? ನಾಳೆ ಬಂದು ಕಂಟೇನರ್‌ನ್ಯಾಗ ಹಾಕಿ ಕೊಡತೇನಿ,” ಅಂದೆ.

ಮರುದಿನ ಹೋಗಿ ನೋಡಿದರೆ ಮನೆಯ ಗುರುತೇ ಹತ್ತಲಿಲ್ಲ. ಅಂಗಳದ ನೂಲಿನ ಗಂಟುಗಳು ಪಕ್ಕದ ಮನೆಯ ಕಟ್ಟೆ ಏರಿದ್ದವು. ಕಬ್ಬಿಣದ ಗೇಟನ್ನು ಬುಡಸಮೇತ ಕಿತ್ತು ಗೋಡೆಗೆ ಆನಿಸಿದ್ದರು. ಓಣಿಯ ತಿರುವಿನಲ್ಲಿ ನಿಂತಿದ್ದ ಟ್ರ್ಯಾಕ್ಟರ್ ಸರಿಸಲು ಸಾಹುಕಾರರೇ ಖುದ್ದು ಕೈ ಬೀಸುತ್ತಿದ್ದರು.

“ಬಾರವಾ, ಹಾದಿ ಸಾಪ ಮಾಡಿಸೇನಿ. ಎಲ್ಲಿ ಬಂತು ಕಂಟೇನರ್? ಜಮಖಂಡಿ ದಾಟೇತೇನು?”

ನಾನು ಬ್ಯಾಗಿನಿಂದ ಊಟದ ಡಬ್ಬಿಯಷ್ಟೇ ಇದ್ದ ಸಣ್ಣ ಕಂಪ್ಯೂಟರ್ ತೆಗೆದೆ. “ಇದರಾಗ ಐತ್ರಿ. ಕಂಟೇನರ್ ಅಂದ್ರ ಬಾಡಗಿ ಮನಿ ಖೋಲಿ ಇದ್ದಂಗ. ಒಂದ ಯಂತ್ರದಾಗ ಹತ್ತು ಖೋಲಿ ಮಾಡಬಹುದು. ಒಂದರಾಗ ಮೇಲ್ ಇರತೈತಿ, ಇನ್ನೊಂದರಾಗ ಲೆಕ್ಕದ್ದು. ಒಬ್ಬರ ಖೋಲ್ಯಾಗ ಜಗಳಾದ್ರ ಇನ್ನೊಬ್ಬರಿಗೆ ತಾಗಂಗಿಲ್ಲ.”

“ಸಾಲಕ್ಕ ಬಾಡಗಿ ಖೋಲಿ ಅಂದ್ರ ಚಾಳ ಅನ್ನಲಾ ಮತ್ತ!” ಅಂದರು ಸಾಹುಕಾರರು. ಅಂದಿನಿಂದ ಆ ಮನೆಯಲ್ಲಿ ಕಂಟೇನರ್‌ಗೆ ಚಾಳ ಅಂತಲೇ ಹೆಸರಾಯಿತು. ಆಮೇಲೆ ಅವರು ಡಬ್ಬಿಯನ್ನೊಮ್ಮೆ, ಗೋಡೆಗೆ ಆನಿಸಿದ ಗೇಟನ್ನೊಮ್ಮೆ ನೋಡಿದರು.

“ಛಲೋ ಆತು. ಗೇಟು ಕೂಡಸೂದೂ ನಿನಗ ಬರತೈತಲಾ?”

ಇನ್ಫೋ ಅನ್ನುವವರು

ಹೊಸ ಮೇಲ್‌ಗೆ ವಿಳಾಸಗಳನ್ನು ಮಾಡಿ ಕೊಟ್ಟೆ. ಒಂದು ಸಾಹುಕಾರರ ಹೆಸರಿಗೆ, ಒಂದು ಗುಮಾಸ್ತರಿಗೆ, ಗಿರಾಕಿಗಳ ವಿಚಾರಣೆಗೆ ‘ಇನ್ಫೋ’ ಅಂತ ಇನ್ನೊಂದು.

“ಇಂವ ಯಾಂವ ಇನ್ಫೋ? ನನ್ನ ಕೇಳಲಾರದ ಯಾರು ಇಟಗೊಂಡ್ರು?” ಅಂದರು ಸಾಹುಕಾರರು.

ಅದು ಮನುಷ್ಯನಲ್ಲ, ವಿಚಾರಣೆಯ ವಿಳಾಸ ಅಂತ ಬಿಡಿಸಿ ಹೇಳಿದೆ. ತಲೆಯಾಡಿಸಿದರು. ವಾರ ಕಳೆದು ನಾನು ಮತ್ತೆ ಹೋದಾಗ ಯಾರ ಜತೆಗೋ ಫೋನಿನಲ್ಲಿ ಮಾತಾಡುತ್ತಿದ್ದರು. ಗಿರಾಕಿ ಆ ಕಡೆಯಿಂದ, ಇನ್ಫೋ ಸಾಹೇಬರಿಗೆ ಬರೆದಿದ್ದೆ, ಉತ್ತರ ಬಂದಿಲ್ಲ ಅಂತ ದೂರುತ್ತಿದ್ದ. ಸಾಹುಕಾರರು ಒಂದಿಷ್ಟೂ ತಡವರಿಸಲಿಲ್ಲ.

“ಇನ್ಫೋ ಊಟಕ್ಕ ಹೋಗ್ಯಾರ್ರಿ. ಬಂದ ಕೂಡ್ಲೆ ಹೇಳತೇನಿ.”

ಬೀಳಗಿಯ ಬೀಗರು

ಸರ್ವರ್ ಕೂಡಿಸುವುದು ಸರಳ. ನಮ್ಮ ಮೇಲನ್ನು ಜಗತ್ತು ನಂಬುವಂತೆ ಮಾಡುವುದು ಕಷ್ಟ. ಮೊದಲನೆಯ ಮೇಲ್ ಪುಣೆಗೆ ಹೋಗಿ ನೇರವಾಗಿ ಅವರ ಸ್ಪ್ಯಾಮ್ ಅನ್ನುವ ಕಸದ ಪೆಟ್ಟಿಗೆಗೆ ಬಿತ್ತು.

“ನಮ್ಮ ಸೀರಿ ಕಸಾನ?” ಸಾಹುಕಾರರ ಮುಖ ಕೆಂಪಾಯಿತು.

“ಸೀರಿ ಅಲ್ರಿ. ನಾವು ಹೊಸಬರು. ಗುರುತಿಲ್ಲದವ್ರಿಗೆ ಯಾರರ ಲಗೂ ಬಾಡಗಿ ಮನಿ ಕೊಡತಾರೇನು? ಹಂಗ ಇದು.”

“ಗುರುತು ಹೇಳಬೇಕಾ? ಮಠದ ಅಜ್ಜಾರ ಕಡಿಂದ ಒಂದ ಮಾತು ಹೇಳಸಲ್ಯಾ?”

ಅದು ಬೇಡ ಅಂದೆ. ಹೊರಗೆ ಹೋಗುವ ಪ್ರತಿ ಮೇಲ್‌ಗೆ ಅಂಗಡಿಯ ಶಿಕ್ಕಾ ಒತ್ತುವ ವ್ಯವಸ್ಥೆ ಮಾಡಿದೆ. ಈ ಹೆಸರಿನ ಮೇಲ್ ಈ ಮನೆಯಿಂದಲೇ ಬರುತ್ತದೆ ಅಂತ ಜಗತ್ತಿಗೆಲ್ಲ ಕಾಣುವ ಜಾಗದಲ್ಲಿ ಬರೆದಿಟ್ಟೆ. “ಇನ್ನ ಗುರುತಿನವ್ರಿಗೆ ದಿನಾ ಸ್ವಲ್ಪ ಸ್ವಲ್ಪ ಕಳಸ್ರಿ. ಅವರು ಓದಿ ಉತ್ತರ ಬರದ್ರ ನಮ್ಮ ಹೆಸರು ಮ್ಯಾಲೇರತೈತಿ,” ಅಂದೆ.

ಸಾಹುಕಾರರು ಹಿಡಿದ ಕೆಲಸ ಬಿಡುವವರಲ್ಲ. ಮುಧೋಳದ ತಂಗಿ, ತೇರದಾಳದ ಸೋದರಮಾವ, ಬೀಳಗಿಯ ಬೀಗರು, ಎಲ್ಲರಿಗೂ ದಿನ ಬೆಳಗಾದರೆ ಒಂದು ಮೇಲ್: ‘ಆರಾಮ ಅದೀರಿ? ತಪ್ಪದೇ ಉತ್ತರ ಬರೀರಿ.’

ಒಂದು ವಾರ ಆಗಿರಬೇಕು. ಬೀಳಗಿಯ ಬೀಗರು ಜಮಖಂಡಿಯಲ್ಲಿ ಬಸ್ಸು ಬದಲಿಸಿ, ಒಂದು ಗೊನೆ ಬಾಳೆಹಣ್ಣು ಹಿಡಿದು ಬಂದು ಇಳಿದರು. ಮುಖದಲ್ಲಿ ರಕ್ತವಿಲ್ಲ. ಸಾಹುಕಾರರು ಮೇಲ್ ನೋಡುತ್ತ ಗಟ್ಟಿಮುಟ್ಟಾಗಿ ಕೂತಿದ್ದನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟರು. ಆಮೇಲೆ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು:

“ಖರೆ ಹೇಳವಾ, ಡಾಕ್ಟರು ಏನಂದಾರ? ಲಗ್ನಾದಾಗಿಂದ ಒಮ್ಮೆನೂ ಆರಾಮ ಕೇಳಲಾರದ ಮನುಷ್ಯಾ ದಿನಾ ಕೇಳಾಕತ್ತಾನ!”

ಶೇಂಗಾದ ಹಿಂಡಿ

ಉತ್ತರಗಳು ಬಂದವು, ಹೆಸರು ಏರಿತು, ಮೇಲ್‌ಗಳು ಕಸದಿಂದ ಎದ್ದು ಪಡಸಾಲೆಗೆ ಬಂದವು. ಪುಣೆಯವರೂ ಮೆತ್ತಗಾದರು. ಲಗ್ನದ ಹಂಗಾಮಿನ ಆರ್ಡರ್ ನಿಮಗೇ ಕಳಿಸುತ್ತೇವೆ ಅಂದರು. ಅಷ್ಟರಲ್ಲಿ ಹೊಸ ರೋಗ ಸುರುವಾಯಿತು. ಮಧ್ಯಾಹ್ನ ಆದರೆ ಸಾಕು, ಸರ್ವರ್ ಸತ್ತು ಬೀಳುತ್ತಿತ್ತು.

ಆ ಹೊತ್ತಿಗೆ ಓಣಿಯಲ್ಲಿ ಕರೆಂಟ್ ಹೋಗುವುದು ನಿಜ. ಅದಕ್ಕೇ ಯುಪಿಎಸ್ ಇಟ್ಟಿದ್ದೆ. ಅದೂ ಹೊಸದು. ಕಂಟೇನರ್ ತೆಗೆದು ಮತ್ತೆ ಕಟ್ಟಿದೆ, ತಂತಿಗಳನ್ನು ಬದಲಿಸಿದೆ. ರೋಗ ಹೋಗಲಿಲ್ಲ. ಸಾಹುಕಾರರು ಮಗ್ಗಗಳ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಈ ಆರ್ಡರೂ ವಾಪಸ್ ಹೋದರೆ ನೇಕಾರರು ಬೇರೆ ಕಡೆ ಹೋಗುತ್ತಾರೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ನಾನೇ ಸರ್ವರ್ ಮುಂದೆ ಕಾದು ಕೂತೆ.

ಕರೆಂಟ್ ಹೋಯಿತು. ಯುಪಿಎಸ್ ಪೀಂ ಅಂತು. ಅಡಿಗೆಮನೆಯಿಂದ ಸಾಹುಕಾರರ ಅವ್ವ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಶೇಂಗಾ ತುಂಬಿದ ಮಿಕ್ಸರ್ ಎತ್ತಿಕೊಂಡು ಬಂದರು, ಅದರ ಪ್ಲಗ್ಗನ್ನು ಯುಪಿಎಸ್‌ಗೆ ಚುಚ್ಚಿ ಗುಂಡಿ ತಿರುವಿದರು. ಗರ್ ಅಂತು, ಠಪ್ ಅಂತು. ಯುಪಿಎಸ್ ನಿಂತಿತು, ಅದರ ಜತೆಗೆ ಸರ್ವರೂ ನಿಂತಿತು.

“ದಿನಾ ಹಿಂಗ ನೋಡವಾ, ಅರ್ಧಾ ಅರಿಯೂದ್ರಾಗ ನಿಲ್ಲತೈತಿ,” ಅಂದರು ಅವ್ವ ನನಗೇ. “ಮನಿಯೆಲ್ಲಾ ಕರೆಂಟ್ ಹೋದ್ರೂ ಈ ಕರೀ ಡಬ್ಬ್ಯಾಗ ಇರತೈತಿ. ಖರೆ ಭಾಳ ಅಶಕ್ತ ಐತಿ.”

“ಯವ್ವಾ, ಇದು ಮೇಲ್ ಸಲುವಾಗಿ ಇಟ್ಟದ್ದು!” ಅಂತ ನಾನು ಮಿಕ್ಸರಿನ ಪ್ಲಗ್ಗು ಕಿತ್ತು ಯುಪಿಎಸ್‌ನ ಗುಂಡಿ ಒತ್ತಿದೆ. ಯಂತ್ರ ಎದ್ದಿತು, ಮೇಲ್‌ನ ಕಂಟೇನರ್ ತಾನಾಗಿ ಮೇಲೆದ್ದಿತು. ಹೆಮ್ಮೆಯಿಂದ, “ನೋಡ್ರಿ, ಚಾಳ ಬಿದ್ರೂ ತಾನ ಎದ್ದು ನಿಲ್ಲತೈತಿ,” ಅಂದೆ.

“ನಿನ್ನ ಚಾಳ ತಾನ ಎದ್ದು ನಿಲ್ಲತೈತಿ,” ಅಂದರು ಅವ್ವ. “ಶೇಂಗಾ ತಾನ ಹಿಂಡಿ ಆಗತೈತೇನು?”

ಅವ್ವನ ಉತ್ತರ

ಮಿಕ್ಸರ್ ಯುಪಿಎಸ್‌ನಿಂದ ದೂರವಾಯಿತು. ಅವ್ವನ ರಾಜಿಗೆ ಒಂದು ಶರತ್ತು ಇತ್ತು: ಅವರಿಗೂ ಒಂದು ಮೇಲ್ ಬೇಕು. ಫೋನಿನಲ್ಲಿ ಮಾಡಿ ಕೊಟ್ಟೆ. ಮಾತಾಡಿದರೆ ಅಕ್ಷರ ಮೂಡುವಂತೆಯೂ ಮಾಡಿ ಕೊಟ್ಟೆ. ಪುಣೆಯ ಆರ್ಡರ್ ಮಧ್ಯಾಹ್ನದ ಹೊತ್ತಿಗೇ ಬಂತು, ಒಂದು ಸೀರೆಯ ಲೆಕ್ಕವೂ ತಪ್ಪದೆ. ಮಗ್ಗಗಳ ಸಪ್ಪಳ ಮತ್ತೆ ಓಣಿ ತುಂಬಿತು. ಆ ಖುಷಿಗೆ ಸಾಹುಕಾರರು ನನ್ನನ್ನು ಊಟಕ್ಕೆ ಕರೆದರು.

ನಾನು, ಸಾಹುಕಾರರು ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದೆವು. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ. ಅವ್ವ ಎದುರಿಗೆ ಕೂತು ಬಡಿಸುತ್ತಿದ್ದರು. ಅವರ ಫೋನು ಟಿಂಗ್ ಅಂತು. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

“‘ಅವ್ವಾ, ನಾನು ನಿಮ್ಮ ಮಗ. ದೂರದ ಊರಿನಲ್ಲಿ ಸಿಕ್ಕಿಬಿದ್ದಿದ್ದೇನೆ. ನನ್ನ ಫೋನ್ ಕಳೆದಿದೆ. ನಿಮ್ಮ ಫೋನಿಗೆ ಒಂದು ನಂಬರ್ ಬರುತ್ತದೆ, ಅದನ್ನು ಕೂಡಲೇ ಕಳಿಸಿ.’”

ಯಾವನೋ ಕಳ್ಳ ಪುಕ್ಕಟೆ ಮೇಲ್ ಒಂದಕ್ಕೆ ಸಾಹುಕಾರರ ಹೆಸರು ಹಚ್ಚಿ ಕಳಿಸಿದ್ದ. ನಾನು ಕೈ ತೊಳೆದು ಏಳುವುದರಲ್ಲಿದ್ದೆ. ಅವ್ವ ಕೈ ಸನ್ನೆ ಮಾಡಿ ಕೂಡಿಸಿದರು.

“ಲೇ ತಮ್ಮಾ, ಎಲ್ಲಿ ಅದೀ?” ಅಂದರು ಮಗನಿಗೆ.

ಸಾಹುಕಾರರು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು, “ಇಲ್ಲೇ ಅದೇನಲಬೇ, ನಿನ್ನ ಮುಂದನ!” ಅಂದರು.

ಅವ್ವ ಮಗನ ಮುಖವನ್ನು ಒಮ್ಮೆ, ಫೋನನ್ನು ಒಮ್ಮೆ ದಿಟ್ಟಿಸಿದರು. ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು, ಒಂದೊಂದೇ ಶಬ್ದ ಬಿಡಿಸಿ ಉತ್ತರ ಹೇಳಿ ಕಳಿಸಿದರು:

“ತಮ್ಮಾ, ನೀ ಅಲ್ಲೇ ಇರು, ಗಾಬರಿ ಆಗಬ್ಯಾಡ. ಇಲ್ಲಿ ಯಾಂವೋ ಒಬ್ಬಾಂವ ನಿನ್ನಂಗ ಮಾರಿ ಮಾಡಕೊಂಡು ಬಂದು ನಾಕನೇ ರೊಟ್ಟಿ ತಿನ್ನಾಕತ್ತಾನ. ಮೊದಲ ಇವನ್ನ ಹೊರಗ ಹಾಕಿ, ಆಮ್ಯಾಲ ನಿನ್ನ ನಂಬರ್ ಕಳಸತೇನಿ.”