ಗೋಪನಕೊಪ್ಪದ ಜೋಂಬಿ

ಆ ಭಾನುವಾರ ಸಂಜೆ ಗೋಪನಕೊಪ್ಪದ ನಮ್ಮ ಪಡಸಾಲೆಯಲ್ಲಿ ಸಾಹಿತ್ಯ ಲೋಕವೇ ನೆರೆದಿತ್ತು. ಅಂದರೆ ಮಂಡಕ್ಕಿ ಗಿರಮಿಟ್ ಕಲಸುತ್ತಿದ್ದ ನನ್ನ ಹೆಂಡತಿ ಸುಮಿತ್ರಾ, ಎದುರು ಮನೆಯ ಗುರುನಾಥ ಕಾಕಾ, ಮತ್ತು ಲೇಖಕನಾದ ನಾನು. ನನ್ನ ಚೊಚ್ಚಲ ಕಾದಂಬರಿಯ ಮೊದಲ ಓದು!

ಕಾದಂಬರಿ ಜೋಂಬಿಗಳದ್ದು. ಸತ್ತವರು ಎದ್ದು ಬಂದು ಬದುಕಿರುವವರನ್ನು ಕಚ್ಚುವ ಕಥೆ. ಆದರೆ ಅಷ್ಟೇ ಎಂದು ತಿಳಿಯಬಾರದೆಂದು ಮುನ್ನುಡಿಯಲ್ಲೇ ಎಚ್ಚರಿಸಿದ್ದೆ. ಇದು ಕೊರೋನಾ ಕಾಲದಲ್ಲಿ ದೇಶದ ಎದೆಗೆ ಬಿದ್ದ ಗಾಯ. ಆ ಗಾಯದೆದುರು ಎದೆ ಸೆಟೆಸಿ ನಿಂತ ಗಂಡಸಿನ ಗಾಥೆ. ಗಂಡಸು ಯಾರೆಂದು ಬರೆದಿರಲಿಲ್ಲ. ಅವನಿಗೆ ನನ್ನದೇ ಮೀಸೆ ಇತ್ತು.

ಮೂರನೆಯ ಅಧ್ಯಾಯಕ್ಕೆ ಬಂದೆ. ಎದುರು ಮನೆಯಿಂದ ಒಂದು ಜೋಂಬಿ ಕಾಲೆಳೆಯುತ್ತ, ಕೈ ಚಾಚಿಕೊಂಡು ಬರುತ್ತದೆ. ಕೈಯಲ್ಲೊಂದು ಸ್ಟೀಲ್ ಡಬ್ಬಿ. ನಾಯಕ ಬಾಗಿಲು ಬಡಿದು, ಚಿಲಕ ಜಡಿದು, ಸೋಫಾ ಅಡ್ಡ ಎಳೆದು, ಕೊಡಲಿ ಎತ್ತಿ ಗರ್ಜಿಸುತ್ತಾನೆ. ನಾನೂ ಗರ್ಜಿಸಿದೆ.

ಮೆಚ್ಚುಗೆಗಾಗಿ ತಲೆ ಎತ್ತಿದೆ. ಕಾಕಾ ತಟ್ಟೆ ಕೆಳಗಿಟ್ಟಿದ್ದರು.

"ಮಾಸ್ತರ, ಆ ಡಬ್ಬಿ ಮುಚ್ಚಳಕ್ಕ ನಗ್ಗು ಬಿದ್ದಿತ್ತೇನ್ರಿ?"

ಬಿದ್ದಿತ್ತು. ಮುಂದಿನ ಸಾಲಿನಲ್ಲೇ ಬರೆದಿದ್ದೆ.

"ಅದು ನಂದರಿ. ಜ್ವರಾ ಬಿಟ್ಟು ಇಪ್ಪತ್ತು ದಿನಾ ಆಗಿತ್ತು. ನಾಲಿಗ್ಗೆ ರುಚಿ ಬಂದಿತ್ತು, ಮಜ್ಜಿಗಿ ಬೇಕನಿಸಿತ್ತು. ಒಂದು ಚಮಚಾ ಹೆಪ್ಪು ಕೇಳಾಕ ಬಂದಿದ್ದೆ."

ಆಣೆ ಮಾಡಿ ಹೇಳುತ್ತೇನೆ, ಬರೆಯುವಾಗ ಅದನ್ನು ಶುದ್ಧ ಕಲ್ಪನೆಯೆಂದೇ ತಿಳಿದಿದ್ದೆ! ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದು, ಅಂದು ಬಾಗಿಲು ಹಾಕಿ ನಾನು ಮನೆ ಕಾಪಾಡಿದೆ ಎಂದು. ಸಹಾಯಕ್ಕಾಗಿ ಹೆಂಡತಿಯ ಮುಖ ನೋಡಿದೆ. ನೋಡಬಾರದಿತ್ತು.

"ಕೊಡಲಿ ಎಲ್ಲಿಂದ ಬಂತ್ರಿ?" ಎಂದಳು ಸುಮಿತ್ರಾ. "ನಿಮ್ಮ ಕೈಯಾಗ ಇದ್ದದ್ದು ನೆಲಾ ಒರಸೋ ಕೋಲು. ಹೆಪ್ಪಿನ ಬಟ್ಟಲಾ ಹಗ್ಗಾ ಕಟ್ಟಿ ಮಾಳಿಗಿ ಮ್ಯಾಲಿಂದ ಇಳಿಸಿದಾಕಿ ನಾನು. ಅವಾಗ ನೀವು ಸೋಫಾದ ಹಿಂದ ಕುಂತಿದ್ರಿ."

ಕಾಕಾ ನಗಲಿಲ್ಲ. ಚಪ್ಪಲಿ ಮೆಟ್ಟುತ್ತ, ಮುಂದೆ ನನ್ನ ಕೊಲ್ತೀರೇನು ಎಂದಷ್ಟೇ ಕೇಳಿದರು. ನಾಲ್ಕನೆಯ ಅಧ್ಯಾಯದಲ್ಲಿ ಕೊಂದಿದ್ದೆ. ಅದೂ ಎರಡು ಸಲ.

ಇಪ್ಪತ್ತು ವರ್ಷದ ಸಂಜೆ ಚಹಾದ ಜೊತೆಗಾರರು ಹಿಂದೆ ತಿರುಗದೆ ಹೋಗಿಬಿಟ್ಟರು.

ಮರುದಿನ ಮುಂಜಾನೆ ಸುಮಿತ್ರಾ ಇದ್ದ ಮೊಸರನ್ನೆಲ್ಲ ಕಡೆದು ಮಜ್ಜಿಗೆ ಮಾಡಿ, ಖಾಲಿ ಬಟ್ಟಲನ್ನು ನನ್ನ ಕೈಗಿತ್ತಳು. ಹೆಪ್ಪಿಲ್ಲ, ಇಸಕೊಂಡು ಬರ್ರಿ ಎಂದಳು. ಕಾಲೆಳೆಯುತ್ತ, ಬಟ್ಟಲು ಹಿಡಿದ ಕೈ ಮುಂದೆ ಚಾಚಿಕೊಂಡು ನಾನು ರಸ್ತೆ ದಾಟಿದೆ. ಕಿಟಕಿಯಲ್ಲಿ ನಿಂತು ಕಾಕಾ ಬಹಳ ಹೊತ್ತು ನೋಡಿದರು.

ಆಮೇಲೆ ಚಿಲಕ ತೆಗೆದರು.