ಹೆಂಡತಿಯ ಕೋರ್ಸಿಗೆ ಗಂಡನ ಹಾಜರಿ

ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು ಎದ್ದವನಿಗೆ ಆರು ಪಾಠದ ತಾರಸಿ ತೋಟದ ಕೋರ್ಸು ಯಾವ ಮಹಾ! ಹಾಗೆಂದುಕೊಂಡೇ ನಾನು ಆ ಗುಂಡಿ ಒತ್ತಿದ್ದು.

ಕೋರ್ಸು ನನ್ನದಲ್ಲ, ನನ್ನ ಹೆಂಡತಿ ಶಾಲಿನಿಯದು. ತಿರುವನಂತಪುರದ ಒಂದು ವಿಶ್ವವಿದ್ಯಾಲಯ ದೊಡ್ಡವರಿಗೆಂದೇ ನಡೆಸುವ ಪುಟ್ಟ ಕೋರ್ಸು. ತ್ರಿಪ್ಪುಣಿತ್ತುರದ ನಮ್ಮ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಓದಬಹುದು. ಬೇಡವಾದಾಗ ನಿಲ್ಲಿಸಬಹುದು, ಬೇಕಾದಾಗ ಮುಂದುವರಿಸಬಹುದು. ಪಾಠಕ್ಕೊಂದು ಪುಟ್ಟ ಉತ್ತರವೋ ಗಿಡದ ಫೋಟೊವೋ ಕಳಿಸಬೇಕು, ಅಷ್ಟೇ.

"ಇದೂ ಒಂದು ಓದೇನೇ?" ಎಂದು ನಾನು ಪೇಪರಿನ ಹಿಂದೆ ನಗುತ್ತಿದ್ದೆ.

"ನಗ್ತಾ ಇರಿ. ಸರ್ಟಿಫಿಕೇಟ್ ಬಂದ ದಿನ ನೀವೇ ಫ್ರೇಮ್ ಹಾಕಿಸ್ಬೇಕು ರೀ, ನೆನಪಿರ್ಲಿ."

ನಾಲ್ಕು ಪಾಠ ಮುಗಿಸಿದಳು. ಐದನೆಯದಕ್ಕೆ ಮೊದಲೇ ಹೋಗಿಬಿಟ್ಟಳು.

ತಿಂಗಳಾದ ಮೇಲೆ ಅವಳ ಫೋನಿಗೆ ಸಂದೇಶ ಬಂತು: 'ಶಾಲಿನಿ, ನೀವು ಬಂದು ಬಹಳ ದಿನವಾಯಿತು. ಮುಂದುವರಿಸುವಿರಾ?' 'ಇಲ್ಲ' ಎಂಬ ಗುಂಡಿಯೂ ಇತ್ತು. ನನ್ನ ಬೆರಳು ಅದರ ಮೇಲೆ ಹೋಗಲಿಲ್ಲ.

ಉಳಿದದ್ದು ಎರಡೇ ಪಾಠ. ಮುಗಿಸಿ, ಸರ್ಟಿಫಿಕೇಟ್ ತಂದು, ಫ್ರೇಮ್ ಹಾಕಿಸಿಯೇ ಬಿಡುವುದೆಂದು ತೀರ್ಮಾನಿಸಿ 'ಹೌದು' ಗುಂಡಿ ಒತ್ತಿದೆ.

ಐದನೇ ಪಾಠಕ್ಕೆ ಅವಳ ಮೆಣಸಿನ ಗಿಡ. ಸದರಿ ಗಿಡಕ್ಕೆ ಊಟದ ಹಾಗೆ ಮೂರು ಹೊತ್ತೂ ನೀರು ಹಾಕಿದೆ. ಒಂದೇ ವಾರದಲ್ಲಿ ಬೇರು ಕೊಳೆತು ಮಲಗಿತು! ಅದರದೇ ಫೋಟೊ ಕಳಿಸಿದೆ. ಟೀಚರ್ ಬರೆದರು: 'ಶಾಲಿನಿ, ಹುಷಾರಿಲ್ಲವೇ? ನೀವು ಹೀಗೆ ಗಿಡ ಕೊಲ್ಲುವವರಲ್ಲವಲ್ಲ!'

ಮೂರು ತಿಂಗಳು ಅವಳು ಗಳಿಸಿದ ಒಳ್ಳೆಯ ಹೆಸರನ್ನು ನಾನು ಒಂದು ವಾರದಲ್ಲಿ ಕಳೆದಿದ್ದೆ.

ಆರನೆಯದಕ್ಕೆ ಕಾಂಪೌಂಡ್ ಗೋಡೆಯ ಮೇಲಿಂದ ಬಗ್ಗಿ, ಪಕ್ಕದ ಮನೆಯಕ್ಕ ಅಮ್ಮಿಣಿ ಚೇಚಿಯ ಹಾಗಲ ಬಳ್ಳಿಯ ಫೋಟೊ ತೆಗೆದೆ. ತೆಗೆದವನೇ ಕಳಿಸಿಯೂ ಬಿಟ್ಟೆ. ಆಗ ಕೂಗು ಕೇಳಿತು.

"ಅಯ್ಯೋ ಸಾರೇ! ಅದು ನನ್ನ ನೈಟಿ!"

ಬಳ್ಳಿಯ ಹಿಂದೆಯೇ ಬಟ್ಟೆ ಒಣಗಿಸುವ ಹಗ್ಗವಿತ್ತು.

"ಹಾಗಲಕಾಯಿ ಮಾತ್ರ ಚೇಚಿ, ದೇವರಾಣೆ!"

"ಹಾಗಲಕಾಯಿ ಬೇಕಾದರೆ ಕೇಳಬಾರದೇ? ಅದಕ್ಕೆ ಫೋಟೊ ಯಾಕೆ?"

ನಡೆದದ್ದೆಲ್ಲ ಹೇಳಿದೆ. ಚೇಚಿ ನೈಟಿಯನ್ನು ಹಗ್ಗದಿಂದ ಎಳೆದು ಮಡಚಿಕೊಂಡರು. ಆಮೇಲೆ, "ಆ ಬೀಜ ಶಾಲಿನಿಯೇ ಕೊಟ್ಟದ್ದು" ಎಂದರು.

ಅಷ್ಟರಲ್ಲಿ ಟೀಚರರ ಸಂದೇಶ ಬಂತು: 'ಬಳ್ಳಿ ಬಹಳ ಚೆನ್ನಾಗಿದೆ! ಕೊನೆಯ ದಿನ ಗಿಡದ ಸಮೇತ ತಿರುವನಂತಪುರಕ್ಕೆ ಬಂದು ಸರ್ಟಿಫಿಕೇಟ್ ಪಡೆಯಿರಿ.' ನೈಟಿಯ ವಿಷಯ ಬರೆದಿರಲಿಲ್ಲ. ದೊಡ್ಡ ಮನಸ್ಸು.

ಚೇಚಿ ಬಳ್ಳಿಯನ್ನು ಮಣ್ಣು ತುಂಬಿದ ಗ್ರೋ ಬ್ಯಾಗ್ ಸಮೇತ ಕೊಟ್ಟರು. ರೈಲಿನಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡೆ. ಕೊಲ್ಲಂ ಬರುವಷ್ಟರಲ್ಲಿ ಎದುರಿನವರ ಕನ್ನಡಕಕ್ಕೆ ಅದರ ಕುಡಿ ಸಿಕ್ಕಿಕೊಂಡಿತ್ತು. ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಇಳಿಯುವಾಗ ನನ್ನ ಅಂಗಿಯ ಮೇಲೆ ಗೊಬ್ಬರ, ಬಳ್ಳಿಯಲ್ಲಿ ಉಳಿದದ್ದು ಎರಡೇ ಕಾಯಿ.

ಸಭಾಂಗಣದಲ್ಲಿ ಟೀಚರ್ ಕೂಗಿದರು, "ಶಾಲಿನಿ!"

ಅಭ್ಯಾಸಬಲ. ನಾನು ಕೈ ಎತ್ತಿದೆ.

"ನೀವು...?"

"ಅವಳ ಗಂಡ."

"ಅವರು ಬರಲಿಲ್ಲವೇ?"

"ನಾಲ್ಕನೇ ಪಾಠದಿಂದಾಚೆ ಅವಳಿಲ್ಲ ಟೀಚರ್" ಎಂದೆ. ಗಿಡ ಕೊಂದವನು ಯಾರೆಂದು ಹೇಳಿದೆ. ಬಳ್ಳಿ ಯಾರದೆಂದು ಹೇಳಿದೆ. ಯಾರೂ ಕೇಳದಿದ್ದರೂ ನೈಟಿ ಯಾರದೆಂದೂ ಹೇಳಿದೆ! ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಟೀಚರ್ ಮೆಲ್ಲಗೆ ಹೇಳಿದರು: "ಈ ಕೋರ್ಸಿನಲ್ಲಿ ಮುಗಿಸಿದಷ್ಟು ಪಾಠಕ್ಕೆ ಸರ್ಟಿಫಿಕೇಟ್ ಉಂಟು. ನಾಲ್ಕು ಪಾಠ ಅವರದೇ. ತಿಳಿಸಿದ್ದರೆ ಮನೆಗೇ ಕಳಿಸುತ್ತಿದ್ದೆವು. ಉಳಿದ ಎರಡನ್ನು ಅಳಿಸಬೇಕು. ಕಲಿಯುವ ಮನಸ್ಸಿದ್ದರೆ ನಿಮ್ಮ ಹೆಸರಿನಲ್ಲೇ ಸೇರಿ, ಮೊದಲಿನಿಂದ."

ಅಂದರೆ, ನಾನು ಒಂದು ಮಾತು ತಿಳಿಸಿ ಸುಮ್ಮನೆ ಕೂತಿದ್ದರೆ ಸಾಕಿತ್ತು!

ಫ್ರೇಮ್ ಹಾಕಿಸಿದೆ. ಕೋರ್ಸಿಗೂ ಸೇರಿದೆ, ಈ ಸಲ ನನ್ನದೇ ಹೆಸರಿನಲ್ಲಿ. ಮೊದಲ ಪಾಠ, ಮಣ್ಣು ಹದ ಮಾಡುವುದು. ಶಾಲಿನಿಯ ನೋಟ್‌ಬುಕ್ ತೆಗೆದು, ಅವಳು ಬರೆದದ್ದನ್ನು ಒಂದಕ್ಷರ ಬಿಡದೆ, ಮನಸ್ಸಿಟ್ಟು ಬರೆದು ಕಳಿಸಿದೆ. ಮರುಕ್ಷಣವೇ ಕಂಪ್ಯೂಟರ್ ಉತ್ತರಿಸಿತು: 'ಈ ಉತ್ತರ ಹಿಂದಿನ ವಿದ್ಯಾರ್ಥಿನಿ ಶಾಲಿನಿ ಅವರದು. ನಕಲು ಮಾಡಬೇಡಿ. ಅಂಕ: ಸೊನ್ನೆ.'

ಮದುವೆಯಾದಂದಿನಿಂದ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ್ದು ಅದೊಂದೇ ಸಲ. ಅದಕ್ಕೂ ಸೊನ್ನೆ!