ರೇಡಿಯೋ ಕಂಡ ಚಂದ್ರ

ನನಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ. ಆದರೆ ಒಂದು ಸುದ್ದಿ ಕಿವಿಗೆ ಬಿದ್ದರೆ, ಅದನ್ನು ಇನ್ನೊಬ್ಬರ ಕಿವಿಗೆ ಹಾಕುವವರೆಗೆ ತಿಂದದ್ದು ಮೈಗೆ ಹತ್ತುವುದಿಲ್ಲ. ಇಂಥವನ ಮನೆಗೆ ರೇಡಿಯೋ ಬರಬಾರದಿತ್ತು. ಬಂತು. ಅದೂ ಜಯನಗರದ ನಮ್ಮ ಪುಟ್ಟ ಮಸೀದಿಗೆ ಬರುವವರ ಮನೆಗಳಲ್ಲೆಲ್ಲ ಮೊದಲನೆಯದು. ಅದನ್ನು ಕಂಡು ನನ್ನ ಹೆಂಡತಿ ಜುಬೇದಾ ಹೌಹಾರಿದಳು. "ಇದ್ರಲ್ಲಿ ಸಿನಿಮಾ ಹಾಡೆಲ್ಲ ಬರುತ್ತಂತೆ. ರಂಜಾನ್ ತಿಂಗಳಲ್ಲಿ ಮನೇಲಿಟ್ಕೊಳ್ಳೋದು ಸರೀನಾ? ಹಜ್ರತ್‌ನ ಕೇಳ್ಕೊಂಡು ಬನ್ನಿ" ಎಂದಳು.

ಹಜ್ರತ್ ಎಂದರೆ ನಮ್ಮ ಮಸೀದಿಯ ಇಮಾಮರು. ಪೆಟ್ಟಿಗೆಗೆ ಚೆನ್ನಾಗಿ ಬೈಗುಳ ಬೀಳುತ್ತದೆಂದುಕೊಂಡೇ ಹೋದೆ. ಅವರು ಗಡ್ಡ ನೀವಿಕೊಂಡು, "ಪೆಟ್ಟಿಗೆ ಏನ್ ಪಾಪ ಮಾಡಿದೆ ಸಾರ್? ಏನು ಕೇಳ್ತೀರಿ, ಪಕ್ಕದವರ ನಿದ್ದೆ ಕೆಡಿಸ್ತೀರಾ, ಕೇಳಿದ್ದನ್ನ ಏನ್ಮಾಡ್ತೀರಿ? ಇದಕ್ಕೆಲ್ಲ ಅಲ್ಲಾಹನ ಮುಂದೆ ಜವಾಬು ಹೇಳ್ಬೇಕಾದೋರು ನೀವು, ಪೆಟ್ಟಿಗೆ ಅಲ್ಲ" ಎಂದರು. ಮೊದಲಿನ ಎರಡು ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. ಹಾಡಿನ ಸುಳಿವು ಸಿಕ್ಕರೆ ಸಾಕು, ಗುಂಡಿ ತಿರುಗಿಸಿಬಿಡುತ್ತಿದ್ದೆ. ವಾರ್ತೆಯನ್ನೂ ಸಣ್ಣ ದನಿಯಲ್ಲಿಟ್ಟು, ಕಳ್ಳನಂತೆ ಪೆಟ್ಟಿಗೆಗೆ ಕಿವಿಗೊಟ್ಟು ಕೇಳುತ್ತಿದ್ದೆ. ಮೂರನೆಯ ಮಾತು ನನಗೇ ಹೇಳಿದ್ದೆಂದು ಮಾತ್ರ ಅನ್ನಿಸಲಿಲ್ಲ.

ಇಪ್ಪತ್ತೊಂಬತ್ತನೆಯ ಉಪವಾಸದ ಸಂಜೆ ಬಂತು. ಚಂದ್ರ ಕಂಡರೆ ನಾಳೆಯೇ ಈದ್, ಕಾಣದಿದ್ದರೆ ಇನ್ನೊಂದು ಉಪವಾಸ. ನೋಡೋಣವೆಂದರೆ ಬೆಂಗಳೂರಿನ ಆಕಾಶದ ತುಂಬ ಮೋಡ. ಉಪವಾಸ ಬಿಟ್ಟು ರೇಡಿಯೋ ಹಾಕಿದೆ. "ದೆಹಲಿಯಲ್ಲಿ ಈದ್ ಚಂದ್ರ ಕಂಡಿರುವುದಾಗಿ ವರದಿಗಳು ಬಂದಿವೆ" ಎಂದದ್ದೇ ತಡ, ಗುಂಡಿ ತಿರುಗಿಸಿ ಚಪ್ಪಲಿ ಮೆಟ್ಟಿದೆ. ಮುಂದಿನ ಮಾತು ಕೇಳುವ ವ್ಯವಧಾನ ಯಾರಿಗಿತ್ತು? ಜುಬೇದಾಗೆ ಈದ್‌ನ ಪಾಯಸ ಶೀರ್ ಖುರ್ಮಾಕ್ಕೆ ಹಾಲು ಕಾಯಿಸಲು ಹೇಳಿ, ಎದುರಿನ ಅಂಗಡಿಯ ಟೈಲರ್ ರಹೀಮ್ ಭಾಯ್‌ಗೆ "ಚಂದ್ರ ಕಂಡಿದೆ!" ಎಂದು ಕೂಗಿ, ದಾರಿಯಲ್ಲಿ ದ್ರಾಕ್ಷಿ, ಗೋಡಂಬಿ ಕಟ್ಟಿಸಿಕೊಂಡು ಮಸೀದಿಗೆ ಬಂದೆ.

ಬಾಗಿಲಲ್ಲೇ ಮಟನ್ ಅಂಗಡಿಯ ಖಾದರ್ ನನ್ನನ್ನು ತಬ್ಬಿಕೊಂಡ. "ಗೊತ್ತಾಯ್ತಾ ಸಾರ್? ಹನುಮಂತನಗರದ ಗುಡ್ಡದ ಮೇಲಿಂದ ಚಂದ್ರ ಕಂಡಿದೆಯಂತೆ!"

ನನಗೆ ಆನಂದ ತಡೆಯಲಾಗಲಿಲ್ಲ. ದೆಹಲಿ ಸರಿ, ಇಲ್ಲೂ ಕಂಡಿತಲ್ಲ! ಎರಡು ಕಡೆಯ ಸಾಕ್ಷಿ ಸಿಕ್ಕಿತೆಂದು ಒಳಗೆ ನುಗ್ಗಿ ಹಜ್ರತ್‌ಗೆ ಹೇಳಿದೆ.

"ಗುಡ್ಡದ ಮೇಲೆ ನೋಡಿದ್ದು ಯಾರು?" ಎಂದರು ಹಜ್ರತ್. ಸುದ್ದಿ ಯಾರ ಬಾಯಿಂದ ಯಾರಿಗೆ ಬಂತೆಂದು ಬೇರಿನವರೆಗೆ ವಿಚಾರಿಸದೆ ನಂಬುವುದು ನಮ್ಮ ಧರ್ಮದಲ್ಲಿ ಇಲ್ಲವಂತೆ. ಖಾದರ್, ರಸ್ತೆಯಲ್ಲಿ ವಾಕಿಂಗ್ ಹೋಗುತ್ತಿದ್ದ ನನ್ನ ಪಕ್ಕದ ಮನೆಯ ಶಾಮರಾಯರನ್ನು ತೋರಿಸಿದ. ಪಿಂಚಣಿದಾರರು, ಪಾಪ, ಕೊಡೆ ಊರಿಕೊಂಡು ಒಳಗೆ ಬಂದರು.

"ನಾನೆಲ್ಲಿ ನೋಡಿದೆ ಸ್ವಾಮಿ? ಚಂದ್ರ ಕಂಡಿದೆ ಅಂತ ಟೈಲರ್ ಅಂದ್ರು. ಈ ಮೋಡದಲ್ಲಿ ಕಂಡ್ರೆ ಹನುಮಂತನಗರದ ಗುಡ್ಡದ ಮೇಲಿಂದಲೇ ಕಾಣ್ಬೇಕು ಅಂದೆ, ಅಷ್ಟೇ."

ಅಷ್ಟರಲ್ಲಿ ಅಂಗಡಿ ಮುಚ್ಚಿ ಮಸೀದಿಗೆ ಬಂದಿದ್ದ ರಹೀಮ್ ಭಾಯ್ ಕಡೆ ಹಜ್ರತ್ ತಿರುಗಿದರು. ಅವರು ಬೆರಳೆತ್ತಿ ನನ್ನನ್ನು ತೋರಿಸಿದರು. ನಾನೇ ಬಿಟ್ಟ ಸುದ್ದಿಯನ್ನು ನಾನೇ ಸಾಕ್ಷಿಯೆಂದು ಹೊತ್ತು ತಂದಿದ್ದೆ. ನಾಚಿಕೆಯಿಂದ ಗೋಡಂಬಿ ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

ಮುಂದಿನ ವಾರ್ತೆಗೆ ಎಲ್ಲರೂ ನಮ್ಮ ಮನೆಗೇ ಬಂದರು. ವರದಿಗಳು ನಿಜವಲ್ಲವೆಂದು ಗೊತ್ತಾಗಿದೆ, ಎಲ್ಲೂ ಚಂದ್ರದರ್ಶನವಾಗಿಲ್ಲ ಎಂದಿತು ರೇಡಿಯೋ. ವಿಚಾರಣೆ ನಡೆಯುತ್ತಿದೆಯೆಂದು ಹಿಂದಿನ ವಾರ್ತೆಯಲ್ಲೇ ಹೇಳಿತ್ತಂತೆ, ನಾನು ಗುಂಡಿ ತಿರುಗಿಸಿ ಚಪ್ಪಲಿ ಮೆಟ್ಟುತ್ತಿದ್ದಾಗ. ಪರದೆಯ ಹಿಂದಿನಿಂದ ಜುಬೇದಾ, "ಇಷ್ಟು ಹಾಲು ಏನ್ಮಾಡ್ಲಿ?" ಎಂದು ಕೇಳಿದಳು.

"ಪೆಟ್ಟಿಗೆ ಸರಿಯಾಗೇ ಇದೆ" ಎಂದು ಹಜ್ರತ್ ಎದ್ದರು. "ಬಾಯಿ ಮುಚ್ಚಿಸೋಕೆ ಅದಕ್ಕೊಂದು ಗುಂಡಿ ಇದೆ. ನಿಮಗೆ ಎಲ್ಲಿದೆ ಅಂತ ನೋಡ್ತಿದೀನಿ."

ಮರುದಿನ ಸಂಜೆ ಮೋಡ ಹರಿದಿತ್ತು. ಮೂವತ್ತು ಉಪವಾಸ ತುಂಬಿದ ಮೇಲೆ ಈದ್‌ಗೆ ಯಾರ ಸಾಕ್ಷಿಯೂ ಬೇಕಿರಲಿಲ್ಲ. ಆದರೂ ಆಸೆ ತಡೆಯದೆ ತಾರಸಿಗೆ ಹೋದೆ. ಪಡುವಣದಲ್ಲಿ ಚಂದ್ರ ಕಣ್ಣು ಕುಕ್ಕುವಂತಿತ್ತು. "ರಹೀಮ್ ಭಾಯ್, ಚಂದ್ರ!" ಎಂದು ಕೂಗಿದೆ. ಅವರು ಹೊಲಿಗೆ ಯಂತ್ರದಿಂದ ತಲೆಯೆತ್ತಿ ಆಕಾಶವನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಮನೇಲಿ ಬೇರೆ ಯಾರಾದ್ರೂ ನೋಡಿದ್ರಾ ಸಾರ್?" ಎಂದರು. ಜುಬೇದಾ ಮೇಲೆ ಬಂದು, ಸೆರಗು ಸರಿಮಾಡಿಕೊಂಡು, ನಿಧಾನವಾಗಿ ನೋಡಿ, "ಹೂಂ, ಕಾಣ್ತಿದೆ" ಎಂದಳು. ರಹೀಮ್ ಭಾಯ್ ತಕ್ಷಣ ಎದ್ದು ನಿಂತು, "ಈದ್ ಮುಬಾರಕ್ ಭಾಬಿ" ಎಂದರು.